ಹೊಡೆಯುವ ಕೈಗಿಂತ ಮೊದಲು ಓದುವ ಕಣ್ಣು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ವಾಲಿಬಾಲ್ ಬೇರು ಬಿಟ್ಟದ್ದಕ್ಕೆ ನೆಲದ ಸ್ವರೂಪವೇ ಮೊದಲ ಕಾರಣ. ಗುಡ್ಡ, ಕಣಿವೆ, ತೋಟ, ಗದ್ದೆಗಳ ಈ ಸೀಮೆಯಲ್ಲಿ ಫುಟ್‌ಬಾಲಿಗೋ ಹಾಕಿಗೋ ಬೇಕಾದಷ್ಟು ಸಮತಟ್ಟು ಜಾಗ ಒಂದೇ ಕಡೆ ಸಿಗುವುದು ಕಷ್ಟ. ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣವಿದ್ದು, ಸುತ್ತ ಓಡಾಡಲು ಒಂದಿಷ್ಟು ಜಾಗ ಉಳಿದರೆ ಸಾಕು. ಶಾಲೆಯ ಅಂಗಳ, ಕೊಯ್ಲಾದ ಗದ್ದೆ, ದೇವಸ್ಥಾನದ ಎದುರಿನ ಬಯಲು, ಯಾವುದಾದರೂ ನಡೆಯುತ್ತದೆ. ಎರಡು ಕಂಬ ಹುಗಿದು ನೆಟ್ ಬಿಗಿದರೆ ಹನ್ನೆರಡು ಜನ ಆಡಬಹುದು. ಮಳೆ ಹಿಂದೆ ಸರಿದು ಗದ್ದೆಯ ಕೆಲಸ ಒಂದು ಹಂತಕ್ಕೆ ಬಂದರೆ ಹೊನಲು ಬೆಳಕಿನ ಪಂದ್ಯಾವಳಿಗಳ ಕಾಲ. ಊರಿನ ಯುವಕ ಸಂಘ ಮೈಕ್ ಕಟ್ಟುತ್ತದೆ, ಪಕ್ಕದ ಊರುಗಳಿಂದ ತಂಡಗಳು ಬರುತ್ತವೆ, ನಡುರಾತ್ರಿ ದಾಟಿದರೂ ಜನ ಕದಲುವುದಿಲ್ಲ.

ಆ ಜನ ಕಾಯುವುದು ಸ್ಮ್ಯಾಷಿಗೆ. ಎತ್ತರಕ್ಕೆ ಹಾರಿದ ಹುಡುಗ ಚೆಂಡನ್ನು ಎದುರಿನ ಅಂಕಣಕ್ಕೆ ಬಡಿದಾಗ ಬಯಲಿಡೀ ಕೇಕೆ ಹಾಕುತ್ತದೆ. ಹೊಡೆದವನ ಹೆಸರು ಮೈಕಿನಲ್ಲಿ ಕೇಳುತ್ತದೆ, ಮಾರನೆಯ ದಿನ ಪೇಟೆಯ ಹೋಟೆಲಿನಲ್ಲೂ ಅವನದೇ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೊಡೆತಕ್ಕೆ ದಾರಿ ತೆರೆದದ್ದು ಬೇರೊಬ್ಬ. ಹೊಡೆತಕ್ಕೆ ಅರ್ಧ ಸೆಕೆಂಡು ಮೊದಲೇ ನೆಟ್ಟಿನ ಆಚೆ ಯಾರು ಎಲ್ಲಿ ನಿಂತಿದ್ದಾರೆ, ಯಾವ ಕಡೆಗೆ ವಾಲುತ್ತಿದ್ದಾರೆ, ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ ಎಂಬುದನ್ನು ಅವನು ಓದಿಯಾಗಿತ್ತು. ಅವನೇ ಸೆಟ್ಟರ್. ನಮ್ಮ ಮೈದಾನಗಳಲ್ಲಿ ಲಿಫ್ಟರ್ ಎಂದೂ ಪಾಸರ್ ಎಂದೂ ಕರೆಯುತ್ತಾರೆ. ಈ ಓದು ಹುಟ್ಟಿನಿಂದ ಬರುವ ವರವಲ್ಲ, ಕಲಿಸಬಹುದಾದ ವಿದ್ಯೆ. ಮಲೆನಾಡಿನ ಮಕ್ಕಳಿಗೆ ನಾವು ಕೊಡಬಹುದಾದ, ಆದರೆ ಕೊಡದೆ ಉಳಿಸಿಕೊಂಡಿರುವ ವಿದ್ಯೆ. ನನ್ನ ವಾದ ಇಷ್ಟೇ.

ಮೊದಲು ಆ ಓದು ಎಂಥದ್ದು ಎಂದು ನೋಡೋಣ. ವಾಲಿಬಾಲಿನಲ್ಲಿ ಒಂದು ತಂಡಕ್ಕೆ ಮೂರು ಸ್ಪರ್ಶ. ಮೊದಲನೆಯದು ಸರ್ವ್ ಹಿಡಿದೆತ್ತುವುದು, ಎರಡನೆಯದು ಸೆಟ್, ಮೂರನೆಯದು ಹೊಡೆತ. ಎರಡನೆಯ ಸ್ಪರ್ಶ ಹೆಚ್ಚುಕಡಿಮೆ ಯಾವಾಗಲೂ ಸೆಟ್ಟರ್‌ನದೇ. ಚೆಂಡು ಎಡತುದಿಯವನಿಗೋ, ನಡುವಿನವನಿಗೋ, ಬಲತುದಿಯವನಿಗೋ, ಹಿಂದಿನ ಸಾಲಿನಿಂದ ಓಡಿಬಂದು ಹಾರುವವನಿಗೋ ಎಂದು ತೀರ್ಮಾನಿಸುವವನು ಅವನು. ಎದುರು ತಂಡಕ್ಕೆ ನೆಟ್ಟಿನ ಬಳಿ ಬ್ಲಾಕ್ ಮಾಡಲು ಇರುವವರು ಮುಂದಿನ ಸಾಲಿನ ಮೂವರು ಮಾತ್ರ. ಒಬ್ಬೊಬ್ಬ ಹೊಡೆತಗಾರನಿಗೂ ಇಬ್ಬಿಬ್ಬರು ಅಡ್ಡ ನಿಲ್ಲುವುದು ಸಾಧ್ಯವಿಲ್ಲ. ಎಲ್ಲೋ ಒಂದು ಕಡೆ ಒಬ್ಬನೇ ಇರುತ್ತಾನೆ, ಅಥವಾ ಯಾರೂ ಇರುವುದಿಲ್ಲ. ಆ ಕಡೆಯನ್ನು ಕಂಡುಹಿಡಿಯುವುದು, ಇನ್ನೂ ಮುಂದೆ ಹೋಗಿ ಅಂಥ ಕಡೆಯೊಂದನ್ನು ತಾನೇ ಉಂಟುಮಾಡುವುದು ಸೆಟ್ಟರ್ ಕೆಲಸ.

ಎಲ್ಲದರ ಕೀಲಿ ಸಮಯ. ಸೆಟ್ಟರ್ ಕೈಯಿಂದ 2 ಮೀಟರ್ ಮೇಲೇರುವ ಚೆಂಡಿಗೆ ತುದಿ ಮುಟ್ಟಲು ಸುಮಾರು 0.64 ಸೆಕೆಂಡು ಬೇಕು. ಅದು ಹೊಡೆಯುವ ಎತ್ತರಕ್ಕೆ ಇಳಿಯುವಷ್ಟರಲ್ಲಿ ಒಟ್ಟು ಒಂದು ಸೆಕೆಂಡು ದಾಟಿರುತ್ತದೆ. ಎದುರಿನ ನಡು ಬ್ಲಾಕರ್‌ಗೆ ಅಷ್ಟು ಸಮಯ ಸಿಕ್ಕರೆ ಚೆಂಡು ಹೋಗುವ ಕಡೆಗೆ ಮೂರು ಹೆಜ್ಜೆ ಓಡಿ, ತುದಿಯ ಬ್ಲಾಕರ್ ಜೊತೆ ಸೇರಿ, ನಾಲ್ಕು ಕೈಗಳ ಗೋಡೆ ಕಟ್ಟಿಬಿಡುತ್ತಾನೆ. ಅದೇ ಚೆಂಡು ಅರ್ಧ ಮೀಟರ್ ಮಾತ್ರ ಮೇಲೇರಿದರೆ ಏರುವ ಸಮಯ 0.32 ಸೆಕೆಂಡು. ಅಷ್ಟರಲ್ಲಿ ನಡುವಿನ ಹೊಡೆತಗಾರ ಗಾಳಿಯಲ್ಲೇ ಇರುತ್ತಾನೆ. ಕಂಡದ್ದಕ್ಕೆ ಕೈಕಾಲು ಸ್ಪಂದಿಸಲು ಮನುಷ್ಯನಿಗೆ 0.2 ಸೆಕೆಂಡಿನಷ್ಟು ಬೇಕೇ ಬೇಕು. ಉಳಿಯುವ ಚೂರಿನಲ್ಲಿ ಹಾರಿ ಕೈ ಎತ್ತಲು ಆಗುವುದಿಲ್ಲ. ಹಾಗಾಗಿ ಎದುರಿನ ನಡು ಬ್ಲಾಕರ್ ಚೆಂಡು ನೋಡಿ ಹಾರುವಂತಿಲ್ಲ. ಚೆಂಡು ಇಲ್ಲಿಗೇ ಬರುತ್ತದೆ ಎಂದು ಊಹಿಸಿ ಮೊದಲೇ ಹಾರಬೇಕು, ಇಲ್ಲವೇ ನಡುವನ್ನು ಬಿಟ್ಟುಕೊಟ್ಟು ತುದಿಗಳನ್ನು ಕಾಯಬೇಕು. ಎರಡರಲ್ಲಿ ಒಂದನ್ನು ಅವನು ಆರಿಸಲೇಬೇಕು. ಅವನು ಯಾವುದನ್ನು ಆರಿಸಿದ ಎಂದು ಚೆಂಡು ಬಿಡುವ ಮೊದಲೇ ತಿಳಿಯುವುದು ಸೆಟ್ಟರ್‌ನ ಓದು.

ಒಂದು ರ‍್ಯಾಲಿಯನ್ನು ಹತ್ತಿರದಿಂದ ನೋಡೋಣ. ಎದುರಿನವರು ಸರ್ವ್ ಮಾಡಬೇಕು. ಸೆಟ್ಟರ್ ಹಿಂದಿನ ಸಾಲಿನಿಂದ ನೆಟ್ಟಿನತ್ತ ಓಡಲು ಸಿದ್ಧನಾಗಿದ್ದಾನೆ. ಅವನು ಮೊದಲು ನೋಡುವುದು ಎದುರು ತಂಡದ ಮುಂದಿನ ಸಾಲನ್ನು: ರೊಟೇಷನ್‌ನಲ್ಲಿ, ಎಂದರೆ ಜಾಗ ಬದಲಿಸುವ ಸರದಿಯಲ್ಲಿ, ಯಾರು ಮುಂದೆ ಬಂದಿದ್ದಾರೆ? ಅವರ ಸೆಟ್ಟರ್ ಮುಂದಿನ ಸಾಲಿನಲ್ಲಿದ್ದಾನೆಯೇ? ಇದ್ದರೆ ಸಾಮಾನ್ಯವಾಗಿ ಅವರ ಬಲತುದಿಯಲ್ಲಿ ನಿಲ್ಲುತ್ತಾನೆ, ಎಂದರೆ ನಮ್ಮ ಎಡತುದಿಯ ಹೊಡೆತಗಾರನಿಗೆ ಎದುರಾಗುವವನು ಅವನೇ. ಹಳ್ಳಿಯ ತಂಡಗಳಲ್ಲಿ ಸೆಟ್ಟರ್ ಬಹಳ ಸಲ ತಂಡದ ಕುಳ್ಳ. ಎಡತುದಿ ಈಗ ಒಳ್ಳೆಯ ದಾರಿ ಎಂದು ಆಟ ಶುರುವಾಗುವ ಮೊದಲೇ ನಮ್ಮವನಿಗೆ ಗೊತ್ತಾಯಿತು.

ಸರ್ವ್ ಬಂತು. ಹಿಂದಿನವನು ಚೆಂಡನ್ನು ನೆಟ್ಟಿನ ಹತ್ತಿರಕ್ಕೆ ಚೆನ್ನಾಗಿ ಎತ್ತಿದ. ಚೆಂಡು ಗಾಳಿಯಲ್ಲಿ ಬರುತ್ತಿರುವಾಗ ಸೆಟ್ಟರ್ ಅದರ ದಾರಿಯನ್ನು ಒಮ್ಮೆ ಅಂದಾಜು ಮಾಡಿ, ಕಣ್ಣನ್ನು ಅರೆಕ್ಷಣ ನೆಟ್ಟಿನಾಚೆಗೆ ಕಳಿಸುತ್ತಾನೆ. ಎದುರಿನ ನಡು ಬ್ಲಾಕರ್‌ನ ಭಾರ ಯಾವ ಕಾಲಿನ ಮೇಲಿದೆ? ಆಗಲೇ ನಮ್ಮ ಎಡತುದಿಯ ಕಡೆಗೆ ಅರ್ಧ ಹೆಜ್ಜೆ ಜಾರಿದ್ದಾನೆಯೇ? ಹೌದು, ಎರಡು ಪಾಯಿಂಟ್ ಹಿಂದೆ ಅಲ್ಲಿಂದಲೇ ಹೊಡೆತ ಬಂದಿತ್ತು, ಅವನಿಗೆ ನೆನಪಿದೆ. ಅವನು ಆ ಕಡೆಗೆ ಸರಿದಿದ್ದಾನೆಂದರೆ ನಡು ಬರಿದಾಗಿದೆ. ಸೆಟ್ಟರ್ ಮೈಯನ್ನು ಎಡತುದಿಗೇ ತಿರುಗಿಸಿಕೊಂಡು, ಕೈಯನ್ನು ಯಾವಾಗಿನಂತೆಯೇ ಹಣೆಯ ಮೇಲೆ ಹಿಡಿದು, ಕೊನೆಯ ಗಳಿಗೆಯಲ್ಲಿ ಚೆಂಡನ್ನು ನಡುವಿನವನ ಅಂಗೈಗೆ ಮುಟ್ಟಿಸುತ್ತಾನೆ. ಎದುರಿಗೆ ಒಂದು ಕೈಯೂ ಇಲ್ಲ. ಬಯಲು ಕೇಕೆ ಹಾಕುತ್ತದೆ. ಬೆರಗು ಹುಟ್ಟಿಸಿದ ಹೊಡೆತ ಸುಲಭದ್ದಾಗಿತ್ತು. ಅದನ್ನು ಸುಲಭ ಮಾಡಿದ್ದು ಅದರ ಹಿಂದಿನ ಅರೆಕ್ಷಣ.

ಈ ಓದಿಗೆ ಮೂರು ಪದರಗಳಿವೆ. ಚೆಂಡು ಆಟಕ್ಕೆ ಬರುವ ಮೊದಲು ಓದುವುದು ಎದುರಾಳಿಯ ಜೋಡಣೆ. ಚೆಂಡು ಗಾಳಿಯಲ್ಲಿರುವಾಗ ಓದುವುದು ಅವರ ಚಲನೆ. ಎರಡು ಪಾಯಿಂಟ್‌ಗಳ ನಡುವೆ ಓದುವುದು ಅವರ ಮನಸ್ಸು: ನಾವು ಹಿಂದೆ ಏನು ಮಾಡಿದ್ದು ಅವರಿಗೆ ನೆನಪಿದೆ, ಈಗ ನಮ್ಮಿಂದ ಏನನ್ನು ನಿರೀಕ್ಷಿಸುತ್ತಿದ್ದಾರೆ? 22–22ರಲ್ಲಿ ಪ್ರತಿ ತಂಡವೂ ತನ್ನ ನೆಚ್ಚಿನ ಹೊಡೆತಗಾರನ ಮೊರೆ ಹೋಗುತ್ತದೆ ಎಂದು ಎದುರಿನವರಿಗೂ ಗೊತ್ತು. ಒಳ್ಳೆಯ ಸೆಟ್ಟರ್ ಆ ನಿರೀಕ್ಷೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಮೊದಲ ಸೆಟ್ಟಿನಲ್ಲಿ ನಡುವಿನವನಿಗೆ ಆಗಾಗ ಕೊಟ್ಟ ಚೆಂಡಿನ ಫಲ ಮೂರನೆಯ ಸೆಟ್ಟಿನಲ್ಲಿ ಕೈಗೆ ಬರುತ್ತದೆ. ಆಗ ನಡುವಿನವನು ಚೆಂಡಿಲ್ಲದೆ ಸುಮ್ಮನೆ ಹಾರಿದರೂ ಎದುರಿನ ಬ್ಲಾಕರ್ ಅವನ ಜೊತೆ ಹಾರಿಬಿಡುತ್ತಾನೆ, ತುದಿಯವನಿಗೆ ಒಬ್ಬನೇ ಎದುರಾಳಿ ಉಳಿಯುತ್ತಾನೆ.

ಇದೇ ಓದಿನ ಮೇಲೆ ನಿಂತ ಇನ್ನೊಂದು ದೊಡ್ಡ ಆಟ ಅಮೆರಿಕದ ಫುಟ್‌ಬಾಲ್. ಅಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಎಸೆಯುವ ಹೊಣೆ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನದು. ಚೆಂಡು ಹಿಡಿಯಬಲ್ಲ ಐವರು ಮುಂದೆ ಓಡುತ್ತಾರೆ, ಅವರನ್ನು ಕಾಯಲು ಎದುರು ತಂಡದವರು ಸಾಮಾನ್ಯವಾಗಿ ಏಳು ಜನ. ಆಟ ಶುರುವಾಗುವ ಮೊದಲೇ ಕ್ವಾರ್ಟರ್‌ಬ್ಯಾಕ್ ತೀರಾ ಹಿಂದೆ ನಿಂತ ರಕ್ಷಕರನ್ನು ಎಣಿಸುತ್ತಾನೆ. ಒಬ್ಬನೇ ಇದ್ದರೆ ಅಂಚುಗಳ ಕಡೆ ಆಳದಲ್ಲಿ ಅವಕಾಶ ಇರಬಹುದು, ಇಬ್ಬರಿದ್ದರೆ ಅವರ ನಡುವಿನ ಜಾಗದಲ್ಲಿ. ತನ್ನವನೊಬ್ಬನನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ನೋಡುತ್ತಾನೆ. ರಕ್ಷಕನೊಬ್ಬ ಅವನ ಹಿಂದೆಯೇ ಓಡಿದರೆ ಒಬ್ಬೊಬ್ಬನಿಗೂ ಒಬ್ಬೊಬ್ಬ ಕಾವಲು ಎಂಬ ಸುಳಿವು ಸಿಕ್ಕಿತು. ಯಾರೂ ಹಿಂಬಾಲಿಸದೆ ನಿಂತಲ್ಲೇ ತುಸು ಸರಿದುಕೊಂಡರೆ ಅವರು ಕಾಯುತ್ತಿರುವುದು ಆಳನ್ನಲ್ಲ, ಜಾಗವನ್ನು. ಚೆಂಡು ಕೈಗೆ ಬಂದ ಮೇಲೆ ಉಳಿಯುವುದು ಎರಡು ಮೂರು ಸೆಕೆಂಡು. ಮೊದಲನೆಯವನು ಬಿಡುವಾಗಿದ್ದಾನೆಯೇ, ಇಲ್ಲದಿದ್ದರೆ ಎರಡನೆಯವನು, ಆಮೇಲೆ ಮೂರನೆಯವನು ಎಂದು ಕಣ್ಣು ಗೊತ್ತಾದ ಕ್ರಮದಲ್ಲಿ ಸಾಗುತ್ತದೆ. ನೋಟದಿಂದಲೇ ರಕ್ಷಕನನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಎಸೆಯುವುದೂ ಉಂಟು.

ಆ ದೇಶ ಈ ಕೆಲಸವನ್ನು ಅದೃಷ್ಟಕ್ಕೆ ಬಿಟ್ಟಿಲ್ಲ ಎಂಬುದು ನಮಗೆ ಮುಖ್ಯ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಮೈದಾನದಲ್ಲಿ ಕಲಿಯುವಷ್ಟೇ ಕೊಠಡಿಯಲ್ಲೂ ಕಲಿಯುತ್ತಾನೆ. ಹಿಂದಿನ ಪಂದ್ಯಗಳ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾನೆ, ಬೋರ್ಡಿನ ಮೇಲೆ ಚುಕ್ಕೆ ಗೆರೆ ಬರೆದು ಎದುರಾಳಿಯ ಜೋಡಣೆಗಳನ್ನು ಒಂದೊಂದಾಗಿ ಗುರುತಿಸುತ್ತಾನೆ. ಓದುವುದು ಪಾಠ ಮಾಡಬೇಕಾದ ವಿಷಯ ಎಂದು ಅವರು ಒಪ್ಪಿಕೊಂಡಿದ್ದಾರೆ.

ನಾವು ಒಪ್ಪಿಕೊಂಡಿಲ್ಲ. ನಮ್ಮಲ್ಲಿ ಒಬ್ಬ ಹುಡುಗ ಚೆನ್ನಾಗಿ ಸೆಟ್ ಮಾಡಿದರೆ ‘ಅವನಿಗೆ ಆಟದ ತಲೆ ಇದೆ’ ಎನ್ನುತ್ತೇವೆ. ಹೊಗಳಿಕೆಯಂತೆ ಕೇಳುವ ಈ ಮಾತು ಉಳಿದ ಮಕ್ಕಳಿಗೆ ಬಾಗಿಲು ಹಾಕುತ್ತದೆ. ತಲೆ ಇದ್ದವನಿಗೆ ಇದೆ, ಇಲ್ಲದವನಿಗೆ ಇಲ್ಲ, ಹಾಗಾದರೆ ಕಲಿಸುವುದೇನು? ಆದರೆ ಪರಿಣತಿಯನ್ನು ಕುರಿತ ಅಧ್ಯಯನಗಳು ಹೇಳುವುದು ಬೇರೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚದುರಂಗದ ಆಟಗಾರರ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ. ನಿಜವಾದ ಆಟದ ಮಧ್ಯದ ಹಲಗೆಯನ್ನು ಕೆಲವೇ ಸೆಕೆಂಡು ತೋರಿಸಿದಾಗ ನುರಿತವರು ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ನೆನಪಿನಿಂದ ಜೋಡಿಸಿದರು. ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ಆ ಮೇಲುಗೈ ಹೆಚ್ಚುಕಡಿಮೆ ಇಲ್ಲವಾಯಿತು. ನುರಿತವರ ನೆನಪಿನ ಶಕ್ತಿಯೇ ಬೇರೆಯಾಗಿರಲಿಲ್ಲ. ಅವರು ಸಾವಿರಾರು ಆಟಗಳ ವಿನ್ಯಾಸಗಳನ್ನು ಕಂಡು ಕಂಡು ಒಳಗೆ ತುಂಬಿಕೊಂಡಿದ್ದರು, ಹೊಸದನ್ನು ಕಂಡ ಕೂಡಲೇ ಹಳೆಯದರ ಗುರುತು ಹತ್ತುತ್ತಿತ್ತು.

ವಾಲಿಬಾಲಿನ ಮೇಲೆಯೇ ಫ್ರ್ಯಾನ್ ಅಲಾರ್ಡ್ ಮತ್ತು ಜ್ಯಾನೆಟ್ ಸ್ಟಾರ್ಕ್ಸ್ 1980ರಲ್ಲಿ ಪ್ರಯೋಗ ಮಾಡಿದರು. ಚಿತ್ರಗಳನ್ನು ಕ್ಷಣಮಾತ್ರ ತೋರಿಸಿ, ಅವುಗಳಲ್ಲಿ ಚೆಂಡು ಇದೆಯೋ ಇಲ್ಲವೋ ಎಂದು ಕೇಳಿದರು. ವಾಲಿಬಾಲ್ ಆಡುವವರು ಆಡದವರಿಗಿಂತ ಬೇಗ ಉತ್ತರಿಸಿದರು. ಬೇಕಾದ ವಸ್ತುವನ್ನು ಗದ್ದಲದ ನಡುವೆ ತಟ್ಟನೆ ಹೆಕ್ಕುವ ಕಣ್ಣು ಆ ಆಟದವರಲ್ಲಿ ಬೆಳೆದಿತ್ತು. ಎರಡೂ ಪ್ರಯೋಗಗಳಿಂದ ನಾನು ಕಲಿಯುವುದು ಇಷ್ಟು: ನೋಟವೂ ಸ್ನಾಯುವಿನ ಹಾಗೆ ಅಭ್ಯಾಸದಿಂದ ಬಲಿಯುತ್ತದೆ. ಎತ್ತರವನ್ನು ಯಾವ ಶಿಕ್ಷಕರೂ ಕೊಡಲಾರರು, ನೋಟವನ್ನು ಕೊಡಬಲ್ಲರು.

ನೋಡುವುದನ್ನು ಕಲಿಸಬಹುದು ಎಂಬ ಮಾತು ನಮ್ಮ ಸೀಮೆಗೆ ಹೊಸದೂ ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ ಹಳ್ಳಿಯ ಜನರ ಮುಂದೆ ಜಗತ್ತಿನ ದೊಡ್ಡ ಸಿನಿಮಾಗಳನ್ನು ಇಟ್ಟಿತು. ಅಡಿಕೆ ತೋಟದ ನಡುವಿನ ಊರಿನವರಿಗೆ ಅಂಥ ಸಿನಿಮಾ ಅರ್ಥವಾಗುತ್ತದೆಯೇ ಎಂದು ಕೇಳುವವರಿಗೆ ಸಂಸ್ಥೆಯನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಕೆಲಸದಿಂದಲೇ ಉತ್ತರ ಕೊಟ್ಟರು. ಸಿನಿಮಾ ತೋರಿಸಿ ಅಲ್ಲಿಗೇ ಬಿಡಲಿಲ್ಲ, ಅದನ್ನು ಹೇಗೆ ನೋಡಬೇಕೆಂದು ಕಲಿಸುವ ರಸಗ್ರಹಣ ಶಿಬಿರಗಳನ್ನು ನಡೆಸಿದರು, ಜನ ಕಲಿತರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಒಂದು ದೃಶ್ಯದಲ್ಲಿ ಏನನ್ನು ಗಮನಿಸಬೇಕೆಂದು ಕೂತು ಮಾತಾಡುವ ಪರಂಪರೆ ಇರುವ ತಾಲ್ಲೂಕಿನಲ್ಲಿ, ವಾಲಿಬಾಲ್ ಅಂಕಣವನ್ನು ಹೇಗೆ ನೋಡಬೇಕೆಂದು ಮಕ್ಕಳಿಗೆ ಕಲಿಸಲಾಗದು ಎಂದರೆ ನಾನು ಒಪ್ಪಲಾರೆ.

ಓದುವ ಆಟ ಗೆಲ್ಲುತ್ತದೆಯೇ ಎಂದು ಕೇಳಬಹುದು. ಜಪಾನಿನ ಪುರುಷರ ತಂಡದ ಕಥೆ ಇದಕ್ಕೆ ಉತ್ತರ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು, 1968ರ ಮೆಕ್ಸಿಕೊದಲ್ಲಿ ಬೆಳ್ಳಿ, 1972ರ ಮ್ಯೂನಿಕ್‌ನಲ್ಲಿ ಚಿನ್ನ. ತರಬೇತುದಾರ ಯಾಸುತಾಕಾ ಮಾತ್ಸುದಾಯಿರಾ ವೇಗದ ಸೆಟ್‌ಗಳನ್ನೂ, ಒಬ್ಬ ಹಾರಿ ಬ್ಲಾಕರ್‌ನನ್ನು ಎಳೆದುಕೊಂಡ ಮೇಲೆ ಅವನ ಹಿಂದಿನಿಂದ ಇನ್ನೊಬ್ಬ ಬಂದು ಹೊಡೆಯುವ ಸಮಯ ವ್ಯತ್ಯಾಸದ ದಾಳಿಯನ್ನೂ ಬೆಳೆಸಿದರು. ತಂಡದ ಆಟಗಾರ ಜುಂಗೊ ಮೊರಿಟಾ ಒಬ್ಬರೇ ಹಾರಿದಂತೆ ತೋರಿಸಿ, ಬ್ಲಾಕರ್ ಇಳಿಯುವ ಹೊತ್ತಿಗೆ ತಾನು ಹಾರುತ್ತಿದ್ದರು. ಇದೆಲ್ಲದರ ನಡುವೆ ನಿಂತು ಯಾವ ಕ್ಷಣಕ್ಕೆ ಯಾರು ಎಂದು ತೀರ್ಮಾನಿಸುತ್ತಿದ್ದವರು ಸೆಟ್ಟರ್ ಕಾತ್ಸುತೋಶಿ ನೆಕೋಡಾ. ಮ್ಯೂನಿಕ್‌ನ ಸೆಮಿಫೈನಲ್‌ನಲ್ಲಿ ಬಲ್ಗೇರಿಯಾ ಎದುರು ಎರಡು ಸೆಟ್ ಸೋತಿದ್ದ ತಂಡ ಮುಂದಿನ ಮೂರನ್ನೂ ಗೆದ್ದು ಫೈನಲ್ ತಲುಪಿತು. ಅಲ್ಲಿ ಪೂರ್ವ ಜರ್ಮನಿಯನ್ನು ಮಣಿಸಿತು.

ಈ ಕಥೆಯನ್ನು ಪೂರ್ತಿ ಹೇಳಬೇಕು. ಮಾತ್ಸುದಾಯಿರಾ ಎತ್ತರದ ಹುಡುಗರನ್ನು ಹುಡುಕಿಕೊಂಡೂ ಬಂದಿದ್ದರು, ಮೊರಿಟಾ ಕುಳ್ಳರೇನಲ್ಲ. ಎತ್ತರ ಬೇಡ ಎಂದು ಜಪಾನ್ ಹೇಳಲಿಲ್ಲ. ಎತ್ತರವೊಂದೇ ಸಾಲದು ಎಂದಿತು. ನನ್ನ ಮಾತೂ ಅಷ್ಟೇ. ಪುರುಷರ ನೆಟ್ 2.43 ಮೀಟರ್ ಎತ್ತರದಲ್ಲಿರುವವರೆಗೆ, ಮಹಿಳೆಯರದು 2.24 ಮೀಟರ್ ಇರುವವರೆಗೆ ಎತ್ತರದವರಿಗೆ ಅನುಕೂಲ ಇದ್ದೇ ಇರುತ್ತದೆ. ಆದರೆ ಎತ್ತರ ನಮ್ಮ ಕೈಯಲ್ಲಿಲ್ಲ. ಸಜ್ಜಾದ ಜಿಮ್, ಒಳಾಂಗಣ, ಪೂರ್ಣಾವಧಿ ತರಬೇತುದಾರರು ನಮ್ಮ ಹಳ್ಳಿಯ ಶಾಲೆಗೆ ಬರುವುದು ಯಾವಾಗಲೋ. ನಮ್ಮ ಕೈಯಲ್ಲಿರುವ, ಹಣ ಬೇಡದ ಒಂದೇ ಸಾಮರ್ಥ್ಯ ಈ ಓದು. ಅದನ್ನೇ ಬಿಟ್ಟು ನಮ್ಮಲ್ಲಿಲ್ಲದ್ದರ ಮೇಲೆ ಪಣ ಕಟ್ಟುವುದು ಸರಿಯಾದ ಲೆಕ್ಕವಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ‘ಹಳ್ಳಿಯ ಆಟದಲ್ಲಿ ಮೊದಲ ಚೆಂಡೇ ನೆಟ್ಟಗೆ ಬರುವುದಿಲ್ಲ. ಎಲ್ಲೋ ಹೋದ ಚೆಂಡಿನ ಹಿಂದೆ ಓಡಿ ಹೇಗೋ ಎತ್ತಿಕೊಡುವ ಸೆಟ್ಟರ್ ಏನನ್ನು ಓದುತ್ತಾನೆ?’ ಇದು ನಿಜ. ಸರ್ವ್ ಹಿಡಿದ ಚೆಂಡು 3 ಮೀಟರ್ ಗೆರೆಯೊಳಗೆ, ನೆಟ್ಟಿನ ಹತ್ತಿರ ಬಂದರೆ ಸೆಟ್ಟರ್‌ಗೆ ಮೂರು ನಾಲ್ಕು ದಾರಿ. ಗೆರೆಯ ಆಚೆ ಬಿದ್ದರೆ ನಡುವಿನವನ ವೇಗದ ದಾಳಿ ಕೈಬಿಟ್ಟಂತೆಯೇ, ಉಳಿಯುವುದು ತುದಿಗೊಂದು ಎತ್ತರದ ಚೆಂಡು. ಅದನ್ನು ಎದುರಿನವರೂ ಬಲ್ಲರು. ಹಾಗಾಗಿ ಸೆಟ್ಟರ್‌ನ ಸ್ವಾತಂತ್ರ್ಯವನ್ನು ಗಳಿಸಿಕೊಡುವವರು ಹಿಂದಿನ ಸಾಲಿನವರು. 1998ರಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ ಲಿಬೆರೊ ಎಂಬ ರಕ್ಷಣಾ ಆಟಗಾರನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಹಿಗ್ಗಿಸುತ್ತದೆ. ಓದು ಒಬ್ಬನ ಗುಣವಾಗಿ ಉಳಿಯದೆ ತಂಡದ ಶಿಸ್ತಾಗಬೇಕು. ಸರ್ವ್ ಹಿಡಿಯುವವನಿಗೂ ತಾನು ಎತ್ತುವ ಚೆಂಡು ಎಷ್ಟು ದಾರಿಗಳನ್ನು ತೆರೆಯುತ್ತದೆ ಎಂದು ಗೊತ್ತಿರಬೇಕು. ಚೆಂಡು ತನಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಪೂರ್ತಿ ಬಲದಿಂದ ಹಾರುವ ನಡುವಿನವನಿಗೆ ತನ್ನ ಹಾರಾಟ ಏಕೆ ಬೇಕು ಎಂಬುದು ತಿಳಿದಿರಬೇಕು.

ನಮ್ಮ ವ್ಯವಸ್ಥೆ ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲೇರುವುದು ಮಳೆಗಾಲದ ತಿಂಗಳುಗಳಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್, ನಗರದ ಕಡೆಯೂ ಜಡಿಮಳೆಯ ನಾಡೇ. ಶಾಲೆಯ ಅಂಗಳ ಕೆಸರಾಗಿ, ನೆಟ್ ಒದ್ದೆಯಾಗಿ, ಚೆಂಡು ನೀರು ಕುಡಿದು ಭಾರವಾಗಿರುವ ದಿನಗಳಲ್ಲೇ ತಂಡ ಕಟ್ಟಬೇಕು. ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಸಣ್ಣ ಶಾಲೆಗಳಲ್ಲಿ ಗಣಿತದ ಮೇಷ್ಟ್ರೋ ವಿಜ್ಞಾನದ ಟೀಚರ್ರೋ ಈ ಕೆಲಸವನ್ನೂ ಹೊರುತ್ತಾರೆ. ಸಮಯವಿಲ್ಲದಾಗ ಎಲ್ಲರೂ ಮಾಡುವುದನ್ನೇ ಮಾಡುತ್ತಾರೆ: ಎತ್ತರದವರನ್ನು ಮುಂದೆ ನಿಲ್ಲಿಸಿ ಹೊಡೆಯಲು ಹೇಳುತ್ತಾರೆ, ಉಳಿದ ಕುಳ್ಳ ಹುಡುಗನಿಗೆ ‘ನೀನು ಎತ್ತಿಕೊಡು ಮಾರಾಯ’ ಎನ್ನುತ್ತಾರೆ. ತಂಡದ ಅತಿ ಕಠಿಣ ಕೆಲಸ ಹೀಗೆ ಉಳಿಕೆಯ ಕೆಲಸವಾಗಿ ಒಬ್ಬನ ಪಾಲಿಗೆ ಬರುತ್ತದೆ. ಏನು ನೋಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅವನು ತನ್ನ ಗೆಳೆಯನಿಗೆ, ಇಲ್ಲವೇ ಜೋರಾಗಿ ಕೂಗಿದವನಿಗೆ ಚೆಂಡು ಕೊಡುತ್ತಾನೆ.

ಈ ಮಳೆಯೇ ನಮಗೆ ದಾರಿಯನ್ನೂ ತೋರಿಸುತ್ತದೆ ಎಂಬುದು ನನ್ನ ನಂಬಿಕೆ. ಮಳೆಯಲ್ಲಿ ಹಾರುವುದನ್ನು, ಹೊಡೆಯುವುದನ್ನು ಕಲಿಸಲಾಗದು. ಓದುವುದನ್ನು ಕಲಿಸಬಹುದು. ಅದಕ್ಕೆ ತರಗತಿಯ ಕರಿಹಲಗೆ ಸಾಕು. ಅಂಕಣದ ಚೌಕ ಬರೆದು ಆರು ಆರು ಚುಕ್ಕೆ ಇಟ್ಟು, ‘ಅವರ ಸೆಟ್ಟರ್ ಈಗ ಮುಂದಿದ್ದಾನೆ, ನೀನು ಯಾರಿಗೆ ಕೊಡುತ್ತೀಯಾ, ಏಕೆ?’ ಎಂದು ಕೇಳಬಹುದು. ಆ ‘ಏಕೆ’ ಎಂಬ ಪ್ರಶ್ನೆಯಲ್ಲಿ ಪಾಠವೆಲ್ಲ ಇದೆ. ಮಗು ತಪ್ಪು ಉತ್ತರ ಕೊಟ್ಟರೂ ಕಾರಣ ಕೊಟ್ಟಿದ್ದರೆ ಅದು ಓದಲು ಶುರುಮಾಡಿದೆ. ರೊಟೇಷನ್ ಆರೂ ಸಲ ತಿರುಗಿಸಿ ಪ್ರತಿ ಸಲವೂ ಎದುರಿನ ದುರ್ಬಲ ತುದಿ ಯಾವುದು ಎಂದು ಹುಡುಕಿಸಬಹುದು. ಮೊಬೈಲ್ ಇಲ್ಲದ ಮನೆ ಈಗ ಕಡಿಮೆ. ಬೇಸಿಗೆಯ ಪಂದ್ಯಾವಳಿಯಲ್ಲಿ ಯಾರೋ ತೆಗೆದ ವಿಡಿಯೊವನ್ನು ಸೆಟ್ಟರ್ ಚೆಂಡು ಮುಟ್ಟುವ ಕ್ಷಣಕ್ಕೆ ನಿಲ್ಲಿಸಿ, ‘ಈಗ ಎಲ್ಲಿ ಬಾಗಿಲು ತೆರೆದಿದೆ?’ ಎಂದು ಕೇಳಿ, ಮತ್ತೆ ಓಡಿಸಿ ಉತ್ತರ ನೋಡಬಹುದು. ಶಾಲೆಯ ಜಗಲಿಯಲ್ಲಿ ಒಬ್ಬ ಚೆಂಡನ್ನು ಎತ್ತಿಕೊಡುವಾಗ ಎದುರಿಗೆ ನಿಂತವನು ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಇಡಲಿ, ಚೆಂಡು ಕೈ ಬಿಡುವ ಮುನ್ನ ಸೆಟ್ಟರ್ ಆ ದಿಕ್ಕನ್ನು ಕೂಗಿ ಹೇಳಲಿ. ಕಣ್ಣನ್ನು ಚೆಂಡಿನಿಂದ ಅರೆಕ್ಷಣ ಬಿಡಿಸುವ ಧೈರ್ಯ ಹೀಗೆ ಬರುತ್ತದೆ. ಯಾವುದಕ್ಕೂ ಸರ್ಕಾರದ ಅನುದಾನ ಬೇಕಿಲ್ಲ.

ಇನ್ನೆರಡು ಮಾತು ಮುಖ್ಯ. ಹೈಸ್ಕೂಲಿನ ಮೊದಲ ವರ್ಷಗಳಲ್ಲಿ ಎಲ್ಲ ಮಕ್ಕಳೂ ಸರದಿಯಲ್ಲಿ ಸೆಟ್ಟರ್ ಆಗಬೇಕು. ಎತ್ತರದ ಹುಡುಗನೂ ಈ ಕೆಲಸ ಮಾಡಿ ನೋಡಿದರೆ ಮುಂದೆ ಅವನು ಹೊಡೆಯುವಾಗ ಎತ್ತಿಕೊಟ್ಟವನ ಕಷ್ಟ ತಿಳಿದಿರುತ್ತದೆ, ಸುಮ್ಮನೆ ಕೂಗುವುದನ್ನು ಬಿಡುತ್ತಾನೆ. ಇದನ್ನು ಹುಡುಗಿಯರ ತಂಡಗಳಿಂದಲೇ ಶುರುಮಾಡುವುದು ಒಳ್ಳೆಯದು. ಅವರಿಗೆ ಊರಿನ ರಾತ್ರಿ ಪಂದ್ಯಾವಳಿಗಳಲ್ಲಿ ನಿಂತು ನೋಡಿ ಕಲಿಯುವ ಅವಕಾಶ ಹುಡುಗರಿಗಿರುವಷ್ಟು ಇಲ್ಲ. ಹುಡುಗರು ಕತ್ತಲಲ್ಲಿ ಬಯಲಿನ ಅಂಚಿಗೆ ನಿಂತು ಪುಕ್ಕಟೆಯಾಗಿ ಪಡೆಯುವ ಶಿಕ್ಷಣ ಅವರಿಗೆ ತರಗತಿಯಲ್ಲಿ, ಹಗಲಿನಲ್ಲಿ ಸಿಗಬೇಕು.

ಪಂದ್ಯಾವಳಿ ನಡೆಸುವ ಯುವಕ ಸಂಘಗಳೂ ಒಂದು ಕೆಲಸ ಮಾಡಬಹುದು. ವಾಲಿಬಾಲಿನ ಅಂಕಿಅಂಶಗಳ ಪಟ್ಟಿ ಹೊಡೆತ, ಬ್ಲಾಕ್, ಸರ್ವ್‌ಗಳಿಂದ ಬಂದ ಪಾಯಿಂಟನ್ನು ಆಟಗಾರನ ಹೆಸರಿಗೆ ಬರೆಯುತ್ತದೆ. ಸೆಟ್ಟರ್ ತೆರೆದ ಬಾಗಿಲು ಅಂಕವಾಗಿ ಅವನ ಹೆಸರಿಗೆ ಬರುವುದಿಲ್ಲ. ಒಂದು ಉದಾಹರಣೆ ನೋಡಿ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರು, ಹಿಂದಿನ ಸಲದ ಬೆಳ್ಳಿ ಗೆದ್ದಿದ್ದ ದಕ್ಷಿಣ ಕೊರಿಯಾವನ್ನು 3–2ರಿಂದ ಸೋಲಿಸಿದರು. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಆ ತಂಡದ ನಡುವಿನ ಆಟಗಾರ. ನಡುವಿನವನು ಅಷ್ಟು ದೊಡ್ಡ ತಂಡದ ಎದುರು ಪಾಯಿಂಟ್ ಗಳಿಸಬೇಕಾದರೆ ಸೆಟ್ಟರ್ ಮತ್ತು ಅವನ ನಡುವೆ ಕಣ್ಣಿನ ಒಪ್ಪಂದ ಎಷ್ಟು ಗಟ್ಟಿ ಇರಬೇಕು! ಆ ಒಪ್ಪಂದ ಯಾರ ಹೆಸರಿನಲ್ಲೂ ಪಾಯಿಂಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನಮ್ಮ ಊರಿನ ಪಂದ್ಯಾವಳಿಯಲ್ಲಿ ಉತ್ತಮ ಸೆಟ್ಟರ್ ಪ್ರಶಸ್ತಿ ಉತ್ತಮ ಹೊಡೆತಗಾರನ ಪ್ರಶಸ್ತಿಗೆ ಸಮನಾಗಿರಲಿ. ಅದನ್ನು ನಿರ್ಧರಿಸುವವರು ಒಂದೇ ಒಂದು ಲೆಕ್ಕ ಇಡಲಿ: ಇವನು ಎತ್ತಿಕೊಟ್ಟ ಎಷ್ಟು ಚೆಂಡುಗಳಿಗೆ ಎದುರಿಗೆ ಇಬ್ಬರು ಬ್ಲಾಕರ್‌ಗಳಿದ್ದರು, ಎಷ್ಟಕ್ಕೆ ಒಬ್ಬನೇ ಇದ್ದ, ಎಷ್ಟಕ್ಕೆ ಯಾರೂ ಇರಲಿಲ್ಲ? ಕಾಗದ ಪೆನ್ನು ಹಿಡಿದ ಒಬ್ಬ ವಿದ್ಯಾರ್ಥಿ ಈ ಲೆಕ್ಕ ಬರೆಯಬಲ್ಲ. ಬರೆಯುತ್ತಾ ಅವನೂ ಓದು ಕಲಿಯುತ್ತಾನೆ. ಮೈಕ್ ಹಿಡಿದವರು ಅದನ್ನು ಹೇಳತೊಡಗಿದರೆ ನೋಡುವ ಜನರ ಕಣ್ಣೂ ನಿಧಾನವಾಗಿ ಚೆಂಡಿನಿಂದ ಆಟದ ಕಡೆಗೆ ತಿರುಗುತ್ತದೆ.

ಆಟಕ್ಕೆ ಇಷ್ಟು ಯೋಚನೆ ಬೇಕೇ ಎನ್ನುವವರಿಗೆ ನನ್ನ ಉತ್ತರ ಸ್ಪಷ್ಟ. ಎದುರಿಗಿರುವವರನ್ನು ಗಮನವಿಟ್ಟು ನೋಡುವುದು, ಕಂಡದ್ದರ ಮೇಲೆ ಅರೆಕ್ಷಣದಲ್ಲಿ ತೀರ್ಮಾನ ಮಾಡುವುದು, ಆ ತೀರ್ಮಾನದ ಫಲವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಿಂದೆ ಸರಿಯುವುದು, ತಪ್ಪಾದರೆ ಮುಂದಿನ ಸರ್ವ್‌ನೊಳಗೆ ಮತ್ತೆ ನೋಡಲು ಶುರುಮಾಡುವುದು. ಹದಿಮೂರು ಹದಿನಾಲ್ಕರ ವಯಸ್ಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಕೊಡುವ ಪಾಠಗಳು ಹೆಚ್ಚಿಲ್ಲ. ಬಲ ತೋರಿಸಿ ಗೆಲ್ಲುವುದನ್ನು ನಮ್ಮ ಸಮಾಜ ಮಕ್ಕಳಿಗೆ ಸಾಕಷ್ಟು ಕಲಿಸುತ್ತಿದೆ. ತಿಳಿದು ಗೆಲ್ಲುವುದನ್ನು ಕಲಿಸುವ ಜಾಗಗಳು ಕಡಿಮೆಯಾಗುತ್ತಿವೆ. ಮೂರೂ ತಾಲ್ಲೂಕಿನ ಊರೂರಲ್ಲಿ ಹರಡಿರುವ ಆಟವೊಂದರ ಒಳಗೇ ಅಂಥ ಜಾಗವಿದೆ. ಅದನ್ನು ಬಳಸಿಕೊಳ್ಳುವ ಹೊಣೆ ಶಿಕ್ಷಕರದು, ಯುವಕ ಸಂಘಗಳದು, ಹಿರಿಯ ಆಟಗಾರರದು. ಮುಂದಿನ ಮಳೆಗಾಲಕ್ಕೆ ಒಂದೊಂದು ವಲಯದಲ್ಲಿ ಒಂದೊಂದು ಶಾಲೆ ವಾರಕ್ಕೊಂದು ಗಂಟೆ ಕರಿಹಲಗೆಯ ಮೇಲೆ ವಾಲಿಬಾಲ್ ಓದಿಸಲಿ. ಆ ಮಕ್ಕಳು ಬೇಸಿಗೆಯಲ್ಲಿ ಹೇಗೆ ಆಡುತ್ತಾರೆಂದು ನೋಡಿ ಉಳಿದ ಶಾಲೆಗಳು ತಾವೇ ತೀರ್ಮಾನಿಸಲಿ. ಕಲಿಸದೆ ಬಿಟ್ಟ ವಿದ್ಯೆಯನ್ನು ಮಕ್ಕಳಲ್ಲಿಲ್ಲದ ಪ್ರತಿಭೆ ಎಂದು ಹೇಳುವ ಅಧಿಕಾರ ನಮಗಿಲ್ಲ.